ಇಂದ್ರಕೀಲಾದ್ರಿಯ ಕೆಳಗಿನ ಊರು: ವಿಜಯವಾಡದ ರಾಜಕಾರಣದ ಒಂದೂವರೆ ಶತಮಾನ

ಮಹಾಬಲೇಶ್ವರದಲ್ಲಿ ಹುಟ್ಟಿ, ಉತ್ತರ ಕರ್ನಾಟಕದ ಬಯಲನ್ನು ಹಾಯ್ದು ತೆಲುಗು ನಾಡಿಗೆ ಇಳಿಯುವ ಕೃಷ್ಣಾ ನದಿ, ಸಮುದ್ರ ಇನ್ನೇನು ಹತ್ತಿರವಾಯಿತು ಎನ್ನುವಲ್ಲಿ ಎರಡು ಬೆಟ್ಟಗಳ ನಡುವಿನ ಕಿರಿದಾದ ಕಂಡಿಯಲ್ಲಿ ಸಾಗುತ್ತದೆ. ದಕ್ಷಿಣ ದಂಡೆಯ ಬೆಟ್ಟ ಸೀತಾನಗರಂ. ಉತ್ತರ ದಂಡೆಯದು ಕನಕದುರ್ಗೆಯ ದೇವಾಲಯವಿರುವ ಇಂದ್ರಕೀಲಾದ್ರಿ. ಈ ಎರಡನೆಯ ಬೆಟ್ಟದ ಬುಡದಲ್ಲಿರುವ ವಿಜಯವಾಡವನ್ನು, ಬ್ರಿಟಿಷರ ಕಾಲದ ಕಡತಗಳಲ್ಲಿ ಬೆಜವಾಡ ಎಂದು ಕಾಣಿಸುವ ಊರನ್ನು, ಹೊರಗಿನವರು ಸಾಮಾನ್ಯವಾಗಿ ಅಮ್ಮನವರ ಕ್ಷೇತ್ರವೆಂದೇ ಬಲ್ಲರು. ಆದರೆ ಊರನ್ನು ಬೆಳೆಸಿದ್ದು ನದಿಗೆ ಅಡ್ಡಲಾಗಿ ಹಾಕಿದ ಕಲ್ಲಿನ ಕಟ್ಟೆ ಮತ್ತು ಅದರ ಹಿಂದೆಯೇ ಬಂದ ರೈಲು. ಊರಿನ ರಾಜಕಾರಣವೂ ಬಹುಕಾಲ ಕಾಲುವೆ, ಗದ್ದೆ, ಜಾತಿ ಮತ್ತು ಪಕ್ಷಗಳ ನಡುವೆಯೇ ನಡೆಯಿತೇ ಹೊರತು ಬೆಟ್ಟವನ್ನು ಹತ್ತಿರಲಿಲ್ಲ. ದೇವಾಲಯವು ಅಧಿಕಾರದ ಲೆಕ್ಕಾಚಾರದೊಳಕ್ಕೆ ನೇರವಾಗಿ ಬಂದು ನಾಲ್ಕು ದಶಕಗಳಷ್ಟೇ ಆಗಿವೆ.

ಬೆಟ್ಟದ ಹೆಸರಿನ ಹಿಂದಿರುವ ಕಥೆ ಕನ್ನಡ ಓದುಗರಿಗೆ ಹೊಸದಲ್ಲ. ಪಾಶುಪತಾಸ್ತ್ರಕ್ಕಾಗಿ ಅರ್ಜುನನು ತಪಸ್ಸು ಮಾಡಿದ್ದು, ಬೇಡನ ವೇಷದ ಶಿವನೊಡನೆ ಕಾದಾಡಿದ್ದು ಇಂದ್ರಕೀಲದಲ್ಲಿ. ಭಾರವಿಯ ಸಂಸ್ಕೃತ ಕಾವ್ಯಕ್ಕೂ ಪಂಪನ ವಿಕ್ರಮಾರ್ಜುನ ವಿಜಯದ ಒಂದು ಭಾಗಕ್ಕೂ ಇದೇ ವಸ್ತು. ವ್ಯಾಸಭಾರತದ ವನಪರ್ವವು ಈ ಬೆಟ್ಟವನ್ನು ಹಿಮವಂತ ಮತ್ತು ಗಂಧಮಾದನಗಳ ಆಚೆ ಇರಿಸುತ್ತದೆ ಎಂಬುದನ್ನು ಮರೆಯುವಂತಿಲ್ಲವಾದರೂ, ಕೃಷ್ಣಾ ತೀರದ ಸ್ಥಳಪುರಾಣ, ಅಂದರೆ ಒಂದು ಕ್ಷೇತ್ರವು ತನ್ನ ಮಹಿಮೆಯನ್ನು ತಾನೇ ಹೇಳಿಕೊಳ್ಳುವ ಕಥನ, ಅದನ್ನು ಇಲ್ಲಿಗೆ ತಂದುಕೊಂಡು ಬಹಳ ಕಾಲವಾಗಿದೆ. ಕೀಲನೆಂಬವನು ತಪಸ್ಸು ಮಾಡಿ ದೇವಿಯನ್ನು ತನ್ನ ಮೇಲೆ ನೆಲೆಸುವಂತೆ ಬೇಡಿ ಬೆಟ್ಟವಾದನೆಂದೂ, ಇಂದ್ರನು ಬಂದು ಪೂಜಿಸಿದ್ದರಿಂದ ಇಂದ್ರಕೀಲಾದ್ರಿಯಾಯಿತೆಂದೂ, ವಿಜಯನೆಂಬ ಹೆಸರುಳ್ಳ ಅರ್ಜುನನಿಂದ ಊರು ವಿಜಯವಾಡವಾಯಿತೆಂದೂ ಆ ಕಥನ ಹೇಳುತ್ತದೆ. ಈ ನಂಬಿಕೆ ಇತ್ತೀಚಿನದಲ್ಲ ಎನ್ನುವುದಕ್ಕೆ, ಕಿರಾತಾರ್ಜುನರ ಪ್ರಸಂಗವನ್ನು ಕೆತ್ತಿದ, ಪೂರ್ವ ಚಾಲುಕ್ಯರ ಕಾಲದ್ದೆನ್ನಲಾದ ಕಂಬವೊಂದು ಇದೇ ಬೆಟ್ಟದಲ್ಲಿ ದೊರೆತದ್ದು ಸಾಕ್ಷಿ.

ಪೂರ್ವ ಚಾಲುಕ್ಯರೆಂದರೆ ಬಾದಾಮಿಯ ಇಮ್ಮಡಿ ಪುಲಕೇಶಿಯು ವೆಂಗಿ ನಾಡನ್ನು ಗೆದ್ದ ಮೇಲೆ ಅಲ್ಲಿ ನೆಲೆಗೊಳಿಸಿದ ತಮ್ಮ ಕುಬ್ಜ ವಿಷ್ಣುವರ್ಧನನ ವಂಶ. ಕನ್ನಡ ನೆಲದಿಂದ ಹೋದ ಈ ಮನೆತನವು ಮೂರು ಶತಮಾನಗಳೊಳಗೆ ತೆಲುಗನ್ನು ಶಾಸನದ ಭಾಷೆಯಾಗಿ ಪೋಷಿಸಿತು. ಹತ್ತನೆಯ ಶತಮಾನದ ಯುದ್ಧಮಲ್ಲನ ಬೆಜವಾಡ ಶಾಸನವು ತೆಲುಗಿನ ಆರಂಭದ ಪದ್ಯಶಾಸನಗಳಲ್ಲಿ ಒಂದು. ಸರಿಸುಮಾರು ಅದೇ ಕಾಲದಲ್ಲಿ, ವೆಂಗಿ ನಾಡಿನ ಅಗ್ರಹಾರವೊಂದರಿಂದ ಪಶ್ಚಿಮಕ್ಕೆ ಬಂದ ಕುಟುಂಬದ ಪಂಪನು 941ರಲ್ಲಿ ತನ್ನ ಭಾರತವನ್ನು ಮುಗಿಸಿದನು. ಚಾಲುಕ್ಯರು ಹೋಗಿ ತೆಲುಗರಾದದ್ದು, ವೆಂಗಿಯ ಮನೆತನವೊಂದು ಬಂದು ಕನ್ನಡದ ಆದಿಕವಿಯನ್ನು ಕೊಟ್ಟದ್ದು ಒಂದೇ ದಾರಿಯ ಎರಡು ಪಯಣಗಳು. ಮುಂದೆ ಊರಿನ ಹತ್ತಿರದ ಕೊಂಡಪಲ್ಲಿಯ ಕೋಟೆಗೆ ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿ ಕೃಷ್ಣದೇವರಾಯನ ಸೇನೆ ಮುತ್ತಿಗೆ ಹಾಕಿತು. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡದ ಮಂತ್ರಿಗಳಾಗಿದ್ದ ಅಕ್ಕನ್ನ–ಮಾದನ್ನರ ಹೆಸರು ಬೆಟ್ಟದ ತಪ್ಪಲಿನ ಹಳೆಯ ಗುಹೆಗಳಿಗೆ ಅಂಟಿಕೊಂಡಿತು. ಇಷ್ಟರ ನಡುವೆಯೂ ಬೆಜವಾಡ ಯಾವ ದೊಡ್ಡ ಅರಸೊತ್ತಿಗೆಗೂ ಸ್ಥಿರವಾದ ರಾಜಧಾನಿಯಾಗಲಿಲ್ಲ. ನದಿ ದಾಟುವವರು ತಂಗುವ, ಅಮ್ಮನವರಿಗೆ ಹರಕೆ ಒಪ್ಪಿಸುವ ಊರಾಗಿಯೇ ಉಳಿಯಿತು.

ಇದನ್ನು ಬದಲಿಸಿದ್ದು ಬರಗಾಲ. 1832–33ರಲ್ಲಿ ಗುಂಟೂರು ಸೀಮೆಯನ್ನು ಹಿಂಡಿದ ಬರದಲ್ಲಿ ಹಳ್ಳಿಗಳಿಗೆ ಹಳ್ಳಿಗಳೇ ಖಾಲಿಯಾದವು. ಕಂದಾಯ ಬತ್ತಿಹೋದಾಗ ಕಂಪನಿ ಸರ್ಕಾರಕ್ಕೂ ನೀರಾವರಿಯ ಮಾತು ಕಿವಿಗೆ ಬಿತ್ತು. ಗೋದಾವರಿಗೆ ಕಟ್ಟೆ ಕಟ್ಟಿಸುತ್ತಿದ್ದ ಆರ್ಥರ್ ಕಾಟನ್ನನ ಯೋಜನೆಗಳ ಸಾಲಿನಲ್ಲಿ, ಕ್ಯಾಪ್ಟನ್ ಚಾರ್ಲ್ಸ್ ಓರ್‌ನ ಮೇಲ್ವಿಚಾರಣೆಯಲ್ಲಿ, 1852ರಿಂದ 1855ರವರೆಗೆ ಬೆಜವಾಡದ ಕಂಡಿಯಲ್ಲಿ ಕೃಷ್ಣೆಗೆ ಅಡ್ಡಗಟ್ಟೆ ಎದ್ದಿತು. ಜಾಗದ ಆಯ್ಕೆಯ ಕಾರಣ ಸರಳ: ನದಿ ಇಲ್ಲಿ ಕಿರಿದಾಗುತ್ತದೆ, ಕಲ್ಲು ಎರಡೂ ದಂಡೆಯ ಬೆಟ್ಟಗಳಲ್ಲೇ ಸಿಗುತ್ತದೆ. ಅಂದರೆ ದೇವಿಯ ಬೆಟ್ಟ ಆಧುನಿಕ ಇತಿಹಾಸದೊಳಕ್ಕೆ ಮೊದಲು ಕಾಲಿಟ್ಟದ್ದು ಕಲ್ಲಿನ ಕ್ವಾರಿಯ ರೂಪದಲ್ಲಿ. ಕಟ್ಟೆಯಿಂದ ಹೊರಟ ಕಾಲುವೆಗಳು ನದೀಮುಖಜ ಭೂಮಿಯ ಗದ್ದೆಗಳಿಗೆ ನೀರುಣಿಸಿದ್ದಲ್ಲದೆ ಸರಕಿನ ದೋಣಿಗಳಿಗೂ ದಾರಿಯಾದವು. ಏಲೂರು ಕಾಲುವೆ, ಬಂದರು ಕಾಲುವೆ, ರೈವ್ಸ್ ಕಾಲುವೆ, ಈ ಮೂರೂ ಇಂದಿಗೂ ನಗರದ ನಟ್ಟನಡುವೆ ಹಾಯುತ್ತವೆ. 1888ರಲ್ಲಿ ಪುರಸಭೆ ಬಂತು. ಮರುವರ್ಷ ನಿಜಾಮನ ರೈಲು ಹೈದರಾಬಾದಿನಿಂದ ಇಲ್ಲಿಗೆ ತಲುಪಿತು, ಕೆಲವೇ ವರ್ಷಗಳಲ್ಲಿ ಕೃಷ್ಣೆಯ ಸೇತುವೆಯ ಮೇಲೆ ಮದ್ರಾಸಿನ ದಾರಿಯೂ ಕೂಡಿಕೊಂಡಿತು. 1901ರ ಜನಗಣತಿಯಲ್ಲಿ ಸುಮಾರು 24 ಸಾವಿರ ಜನರಿದ್ದ ಊರು 1951ರ ವೇಳೆಗೆ 1.6 ಲಕ್ಷ ದಾಟಿತು.

ಊರಿನ ರಾಜಕೀಯ ಜೀವನದ ಮೊದಲ ದೊಡ್ಡ ದಿನಗಳೂ ರೈಲಿನ ಕೊಡುಗೆಯೇ. ಎಲ್ಲ ದಿಕ್ಕಿನಿಂದಲೂ ತಲುಪಲು ಸುಲಭವಾಗಿದ್ದ ಬೆಜವಾಡದಲ್ಲಿ 1921ರ ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಕಾಂಗ್ರೆಸ್ಸಿಗೆ ಒಂದು ಕೋಟಿ ಸದಸ್ಯರು, ದೇಶದಲ್ಲಿ 20 ಲಕ್ಷ ಚರಕ, ಇವಿಷ್ಟೂ ಜೂನ್ 30ರೊಳಗೆ ಎಂಬ ಗುರಿಯನ್ನು ಆ ಸಭೆ ಹಾಕಿಕೊಂಡಿತು. ಕೃಷ್ಣಾ ಜಿಲ್ಲೆಯವರೇ ಆದ ಪಿಂಗಳಿ ವೆಂಕಯ್ಯ ತಾವು ರೂಪಿಸಿದ ಧ್ವಜವನ್ನು ಗಾಂಧೀಜಿಗೆ ತೋರಿಸಿದ್ದೂ ಅಲ್ಲಿಯೇ.

ಆದರೆ ಕಾಲುವೆಯ ನೀರು ತಂದ ಸಂಪತ್ತು ಕಾಂಗ್ರೆಸ್ಸಿನ ಕೈಯಲ್ಲಿ ಉಳಿಯಲಿಲ್ಲ. ನೀರಾವರಿಯಿಂದ ಕೈಗೆ ಹಣ ಬಂದ ರೈತ ಕುಟುಂಬಗಳು, ವಿಶೇಷವಾಗಿ ಕಮ್ಮ ಸಮುದಾಯದವರು, ಮಕ್ಕಳನ್ನು ಓದಿಸಿದರು. ಓದಿದ ಮಕ್ಕಳಲ್ಲಿ ಅನೇಕರು ಕಮ್ಯುನಿಸ್ಟರಾದರು. ಭೂಮಿಯುಳ್ಳ ಜಾತಿಯಿಂದಲೇ ಭೂಮಿ ಹಂಚುವ ಪಕ್ಷಕ್ಕೆ ಇಷ್ಟೊಂದು ಮುಂದಾಳುಗಳು ಬಂದದ್ದು ಎಲ್ಲರನ್ನೂ ಬೆರಗುಗೊಳಿಸಿದ ಸಂಗತಿ. ಅಮೆರಿಕದ ಪತ್ರಕರ್ತ ಸೆಲಿಗ್ ಹ್ಯಾರಿಸನ್ 1956ರಲ್ಲಿ ಬರೆದ ಹೆಸರಾಂತ ಲೇಖನವೊಂದರಲ್ಲಿ ಇದನ್ನು ಕಮ್ಮ–ರೆಡ್ಡಿ ಪೈಪೋಟಿಯ ಇನ್ನೊಂದು ಮುಖವೆಂದು ವಿವರಿಸಿದನು. ಆ ವಿವರಣೆಯಲ್ಲಿ ಹುರುಳಿದೆ, ಆದರೆ ಅದರಿಂದಲೇ ಎಲ್ಲವೂ ತೀರುವುದಿಲ್ಲ: ಜೀತ, ಗೇಣಿ, ಕೂಲಿಯ ಪ್ರಶ್ನೆಗಳನ್ನು ಹಿಡಿದು ಪುಚ್ಚಲಪಲ್ಲಿ ಸುಂದರಯ್ಯನಂಥವರು ಮಾಡಿದ ಕೆಲಸವನ್ನು ಜಾತಿಯ ಲೆಕ್ಕಕ್ಕಷ್ಟೇ ಇಳಿಸಿದರೆ ದಲಿತ ಕೂಲಿಕಾರರು ಆ ಪಕ್ಷದ ಹಿಂದೆ ನಿಂತದ್ದೇಕೆ ಎಂಬುದು ತಿಳಿಯದೇ ಹೋಗುತ್ತದೆ.

ಅದೇ ದಶಕಗಳಲ್ಲಿ ಊರಿಗೆ ಇನ್ನೊಂದು ಸಂಸ್ಥೆಯೂ ಬಂತು. ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರರಾವ್ 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ಆರಂಭಿಸಿದ್ದ ನಾಸ್ತಿಕ ಕೇಂದ್ರವು 1947ರಲ್ಲಿ ವಿಜಯವಾಡದ ಪಟಮಟಕ್ಕೆ ಸ್ಥಳಾಂತರವಾಯಿತು. ಗಾಂಧೀಜಿಯೊಡನೆ ದೇವರ ಅಸ್ತಿತ್ವದ ಬಗ್ಗೆಯೇ ಚರ್ಚೆಗಿಳಿದಿದ್ದ ಈ ಮನುಷ್ಯನ ಕುಟುಂಬವು ಅಂತರ್ಜಾತಿ ವಿವಾಹ, ಸಹಭೋಜನ, ಕೆಂಡ ಹಾಯುವುದರಲ್ಲಿ ಪವಾಡವಿಲ್ಲವೆಂದು ತೋರಿಸುವ ಪ್ರಾತ್ಯಕ್ಷಿಕೆಗಳನ್ನು ಅಮ್ಮನವರ ಬೆಟ್ಟಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿ ನಡೆಸಿಕೊಂಡು ಬಂತು. ಊರು ಇದನ್ನು ಬಹುಮಟ್ಟಿಗೆ ಸಹಜವಾಗಿಯೇ ತೆಗೆದುಕೊಂಡಿತು. ಗೋರಾ ಅವರ ಮಗಳು ಚೆನ್ನುಪಾಟಿ ವಿದ್ಯಾ 1980ರಲ್ಲೂ 1989ರಲ್ಲೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಇದೇ ವಿಜಯವಾಡದಿಂದ ಲೋಕಸಭೆಗೆ ಗೆದ್ದರು. ಪುಣ್ಯಕ್ಷೇತ್ರದ ಮತದಾರರು ನಾಸ್ತಿಕರ ಮನೆಯ ಹೆಣ್ಣುಮಗಳನ್ನು ಎರಡು ಸಲ ಆರಿಸಿದ್ದನ್ನು ಇಂದಿನ ರಾಜಕೀಯ ಪಂಡಿತರು ಒಮ್ಮೆ ನೆನೆಸಿಕೊಳ್ಳಬೇಕು.

ವಿಜಯವಾಡದ ಸಂಸದರ ಸಾಲೇ ಊರಿನ ಚರಿತ್ರೆಯನ್ನು ಹೇಳುತ್ತದೆ. 1952ರಲ್ಲಿ ಗೆದ್ದವರು ಕಮ್ಯುನಿಸ್ಟರ ಬೆಂಬಲದ ಪಕ್ಷೇತರ ಅಭ್ಯರ್ಥಿ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯ. ಸರೋಜಿನಿ ನಾಯ್ಡು ಅವರ ತಮ್ಮ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಒಂದು ಕಾಲದ ಪತಿ. ತೆಲುಗು ರಾಜಕಾರಣದೊಳಗಿನವರಲ್ಲದ ಕವಿಯೊಬ್ಬರನ್ನು ಗೆಲ್ಲಿಸಿ ದೆಹಲಿಗೆ ಕಳಿಸುವಷ್ಟು ಪಕ್ಷದ ಹಿಡಿತ ಆಗ ಗಟ್ಟಿಯಾಗಿತ್ತು. 1962ರಿಂದ ಸತತ ಮೂರು ಚುನಾವಣೆಗಳಲ್ಲಿ ಗೆದ್ದವರು ನೀರಾವರಿ ಇಂಜಿನಿಯರ್ ಕೆ.ಎಲ್. ರಾವ್, ನಾಗಾರ್ಜುನ ಸಾಗರದೊಂದಿಗೆ ಹೆಸರು ಬೆಸೆದುಕೊಂಡಿದ್ದ, ಕೇಂದ್ರದಲ್ಲಿ ನೀರಾವರಿ ಮಂತ್ರಿಯಾಗಿದ್ದ, ಗಂಗಾ–ಕಾವೇರಿ ಜೋಡಣೆಯ ಪ್ರಸ್ತಾವದಿಂದ ಕರ್ನಾಟಕಕ್ಕೂ ಪರಿಚಿತರಾಗಿದ್ದ ವ್ಯಕ್ತಿ. ಕಟ್ಟೆಯಿಂದ ಬದುಕಿದ ಊರು ಕಟ್ಟೆ ಕಟ್ಟುವವನನ್ನೇ ಆರಿಸಿಕೊಂಡಿತು ಎನ್ನಬಹುದು. ಹಳೆಯ ಅಡ್ಡಗಟ್ಟೆ 1952ರಲ್ಲಿ ಒಡೆದ ಬಳಿಕ 1957ರ ಹೊತ್ತಿಗೆ ಅದೇ ಕಂಡಿಯಲ್ಲಿ ಪ್ರಕಾಶಂ ಬ್ಯಾರೇಜ್ ಎದ್ದಿತ್ತು.

ಆ ಬ್ಯಾರೇಜಿಗೆ ಹೆಸರು ಕೊಟ್ಟ ಟಂಗುಟೂರಿ ಪ್ರಕಾಶಂ, ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ತೀರಿಕೊಂಡ ಮೇಲೆ 1953ರ ಅಕ್ಟೋಬರ್ 1ರಂದು ರಚನೆಯಾದ ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ. ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದ ಏಳು ತಾಲ್ಲೂಕುಗಳು ಮೈಸೂರಿಗೂ ಸೇರಿದ್ದು ಅದೇ ದಿನ. ಹೊಸ ರಾಜ್ಯಕ್ಕೆ ರಾಜಧಾನಿ ಎಲ್ಲಿ ಎಂಬ ಜಗಳದಲ್ಲಿ ಕಮ್ಯುನಿಸ್ಟರು ವಿಜಯವಾಡ–ಗುಂಟೂರು ಪ್ರದೇಶದ ಪರ ನಿಂತರು. ಆದರೆ 1937ರ ಶ್ರೀಬಾಗ್ ಒಪ್ಪಂದ, ಅಂದರೆ ರಾಜಧಾನಿ ಅಥವಾ ಹೈಕೋರ್ಟುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕನ್ನು ಕರಾವಳಿಯ ನಾಯಕರು ರಾಯಲಸೀಮೆಗೆ ಬಿಟ್ಟುಕೊಟ್ಟಿದ್ದ ತಿಳಿವಳಿಕೆ, ಅಡ್ಡಬಂತು; ಕರ್ನೂಲು ರಾಜಧಾನಿಯಾಯಿತು, ಹೈಕೋರ್ಟು ಗುಂಟೂರಿಗೆ ಹೋಯಿತು, ವಿಜಯವಾಡಕ್ಕೆ ಏನೂ ಬರಲಿಲ್ಲ. 1952ರಲ್ಲಿ ಮದ್ರಾಸ್ ವಿಧಾನಸಭೆಗೆ ಆಂಧ್ರ ಪ್ರದೇಶಗಳಿಂದ 41 ಸ್ಥಾನ ಗೆದ್ದಿದ್ದ ಕಮ್ಯುನಿಸ್ಟರು 1955ರಲ್ಲಿ ಒಟ್ಟು 196ರಲ್ಲಿ 15ಕ್ಕೆ ಇಳಿದರು. ವಿಜಯವಾಡದೊಳಗೆ ಅವರ ಬೇರು ಆಮೇಲೂ ಒಣಗಲಿಲ್ಲ: 1981ರಲ್ಲಿ ಪುರಸಭೆ ನಗರಪಾಲಿಕೆಯಾದಾಗ ಮೊದಲ ಮೇಯರ್ ಆದವರು ಸಿಪಿಐನ ಟಿ. ವೆಂಕಟೇಶ್ವರರಾವ್.

1972–73ರ ಜೈ ಆಂಧ್ರ ಚಳವಳಿಯಲ್ಲಿ ಊರು ಮತ್ತೆ ಹೊತ್ತಿಕೊಂಡಿತು. ತೆಲಂಗಾಣವೂ ಸೇರಿಕೊಂಡ ಮೇಲೆ ರಾಜಧಾನಿಯಾಗಿದ್ದ ಹೈದರಾಬಾದಿನ ಸರ್ಕಾರಿ ಕೆಲಸಗಳಲ್ಲಿ ಸ್ಥಳೀಯರಿಗೆ ಆದ್ಯತೆ ಕೊಡುವ ಮುಲ್ಕಿ ನಿಯಮಗಳನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದರಿಂದ ಕರಾವಳಿಯವರು ಪ್ರತ್ಯೇಕ ಆಂಧ್ರ ಕೇಳಿ ಬೀದಿಗಿಳಿದರು. ಕೃಷ್ಣಾ ಜಿಲ್ಲೆಯ ಹಿರಿಯ ಕಾಂಗ್ರೆಸ್ಸಿಗ ಕಾಕಾನಿ ವೆಂಕಟರತ್ನಂ ಚಳವಳಿಯ ನಡುವೆಯೇ ತೀರಿಕೊಂಡರು, ಪಿ.ವಿ. ನರಸಿಂಹರಾವ್ ಸರ್ಕಾರ ಹೋಗಿ 1973ರ ಜನವರಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು.

ಊರಿನ ಅತ್ಯಂತ ಕರಾಳ ಅಧ್ಯಾಯ ಇನ್ನೂ ಬರಬೇಕಿತ್ತು. ಎಪ್ಪತ್ತರ ದಶಕದಿಂದ ಕಾಲೇಜು, ಲಾರಿ ನಿಲ್ದಾಣ, ಕಾರ್ಮಿಕ ಸಂಘಗಳ ಮೇಲಿನ ಹಿಡಿತಕ್ಕಾಗಿ ನಡೆದ ಗುಂಪುಗಾರಿಕೆ ವಂಗವೀಟಿ ಮತ್ತು ದೇವಿನೇನಿ ಎಂಬ ಎರಡು ಮನೆತನಗಳ ಹಗೆಯಾಗಿ ಗಟ್ಟಿಯಾಯಿತು. ಎರಡೂ ಕಡೆ ಅಣ್ಣತಮ್ಮಂದಿರು ಕೊಲೆಯಾದರು. ವಂಗವೀಟಿಯವರು ಕಾಪು ಸಮುದಾಯದವರು, ದೇವಿನೇನಿಯವರು ಕಮ್ಮ. 1983ರಲ್ಲಿ ತೆಲುಗು ದೇಶಂ ಅಧಿಕಾರಕ್ಕೆ ಬಂದ ಮೇಲೆ ಬೀದಿಯ ಹಗೆಗೆ ಪಕ್ಷಗಳ ಬಣ್ಣವೂ ಹತ್ತಿತು. 1985ರಲ್ಲಿ ಕಾಂಗ್ರೆಸ್ಸಿನಿಂದ ಶಾಸಕರಾಗಿದ್ದ ವಂಗವೀಟಿ ಮೋಹನರಂಗ 1988ರ ಡಿಸೆಂಬರ್ 26ರ ನಸುಕಿನಲ್ಲಿ ಉಪವಾಸದ ಶಿಬಿರದಲ್ಲೇ ಕೊಲೆಯಾದಾಗ, ಅಂಗಡಿ, ಚಿತ್ರಮಂದಿರ, ಬಸ್ಸುಗಳು ಸುಟ್ಟುಹೋದವು, ಹತ್ತಾರು ಜನ ಸತ್ತರು, ಕರ್ಫ್ಯೂ ಹಾಕಬೇಕಾಯಿತು. ಮರುವರ್ಷದ ಚುನಾವಣೆಯಲ್ಲಿ ತೆಲುಗು ದೇಶಂನ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಸೋತದ್ದಕ್ಕೆ ಕರಾವಳಿಯ ಕಾಪುಗಳ ಸಿಟ್ಟು ಒಂದು ಮುಖ್ಯ ಕಾರಣವೆಂದು ಎಣಿಸುವವರು ಬಹಳ. ಈ ರಕ್ತಪಾತದ ಕಾಲದಲ್ಲೂ ಯಾವ ಬಣವೂ ದೇವಿಯ ಹೆಸರಿನಲ್ಲಿ ಮತ ಕೇಳಿರಲಿಲ್ಲ ಎಂಬುದು ಗಮನಾರ್ಹ.

ಬೆಟ್ಟವನ್ನು ಸರ್ಕಾರದ ಅಂಗಳಕ್ಕೆ ಎಳೆದದ್ದು ರಾಮರಾವ್ ಸರ್ಕಾರವೇ ತಂದ 1987ರ ಧರ್ಮಾದಾಯ ಕಾಯಿದೆ. ಕರ್ನಾಟಕದಲ್ಲಿ ಮುಜರಾಯಿ ಎನ್ನುವ ಇಲಾಖೆಗೆ ಆಂಧ್ರದಲ್ಲಿ ದೇವಾದಾಯ ಇಲಾಖೆಯೆಂದು ಹೆಸರು. ಅದರ ಅಧಿಕಾರ ಮೊದಲೇ ಇತ್ತಾದರೂ, ಈ ಕಾಯಿದೆ ಅರ್ಚಕರ ವಂಶಪಾರಂಪರ್ಯ ಹಕ್ಕನ್ನು ರದ್ದುಪಡಿಸಿತು, 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಟ್ಟದ ದುರ್ಗಾ ಮಲ್ಲೇಶ್ವರಸ್ವಾಮಿ ದೇವಸ್ಥಾನವನ್ನು ನಡೆಸುವವರು ಸರ್ಕಾರ ಕಳಿಸುವ ಕಾರ್ಯನಿರ್ವಹಣಾಧಿಕಾರಿ ಮತ್ತು ಸರ್ಕಾರ ನೇಮಿಸುವ ಟ್ರಸ್ಟ್ ಮಂಡಳಿ. ವಿಶಾಖಪಟ್ಟಣದ ಸಿಂಹಾಚಲದಲ್ಲಿ ಹೀಗಲ್ಲ; ಅಲ್ಲಿ ವಿಜಯನಗರಂನ ಪೂಸಪಾಟಿ ರಾಜಮನೆತನಕ್ಕೆ ಆನುವಂಶಿಕ ಧರ್ಮದರ್ಶಿತ್ವವಿದೆ, 2020ರಲ್ಲಿ ಸರ್ಕಾರ ಅಶೋಕ ಗಜಪತಿರಾಜು ಅವರನ್ನು ಬದಿಗಿಟ್ಟು ಅದೇ ಮನೆತನದ ಇನ್ನೊಬ್ಬರನ್ನು ಕೂರಿಸಿದಾಗ ಹೈಕೋರ್ಟ್ 2021ರಲ್ಲಿ ಆ ನೇಮಕವನ್ನು ರದ್ದುಮಾಡಿತು. ಇಂದ್ರಕೀಲಾದ್ರಿಯಲ್ಲಿ ಅಂಥ ತಡೆಯಿಲ್ಲದ್ದರಿಂದ ಸರ್ಕಾರ ಬದಲಾದಂತೆಲ್ಲ ಮಂಡಳಿಯೂ ಬದಲಾಗುತ್ತದೆ, ಬೆಟ್ಟದ ಮೇಲೆ ಏನೇ ತಪ್ಪಿದರೂ ಅದರ ಹೊಣೆ ನೇರವಾಗಿ ಮುಖ್ಯಮಂತ್ರಿಯ ಹೆಗಲಿಗೆ ಬೀಳುತ್ತದೆ.

ಅದೇ ವರ್ಷಗಳಲ್ಲಿ ಭಕ್ತರ ಸಂಖ್ಯೆಯೂ ಬೆಳೆಯಿತು. ಶಬರಿಮಲೆಯ ಮಾದರಿಯ ಭವಾನಿ ದೀಕ್ಷೆ, ಅಂದರೆ ಕೆಂಪು ಬಟ್ಟೆ ಉಟ್ಟು, ಮಾಲೆ ಧರಿಸಿ, ಮಂಡಲ ಕಾಲ ವ್ರತ ಹಿಡಿಯುವ ಪದ್ಧತಿ, ಹಳ್ಳಿಗಳವರೆಗೂ ಹಬ್ಬಿತು. ದೀಕ್ಷೆ ಮುಗಿಸುವ ದಿನಗಳಲ್ಲಿ ಭವಾನಿಗಳು ಕೃಷ್ಣೆಯಲ್ಲಿ ಮಿಂದು, ಬೆಟ್ಟದ ಸುತ್ತ ಬರಿಗಾಲಲ್ಲಿ ಗಿರಿಪ್ರದಕ್ಷಿಣೆ ಮಾಡಿ, ದರ್ಶನದ ನಂತರ ಇರುಮುಡಿ ಬಿಚ್ಚಿ ಮಾಲೆ ತೆಗೆಯುತ್ತಾರೆ. ಹರಕೆ ಹೊತ್ತ ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಸಿನ ಬಳಿದು ಕುಂಕುಮವಿಟ್ಟು ಹತ್ತುವುದರಿಂದ ಕಲ್ಲು ಹಳದಿ ಕೆಂಪು ಮೆತ್ತಿಕೊಂಡು ಜಾರುತ್ತದೆ. ದಸರೆಯಲ್ಲಿ ದೇವಿಗೆ ದಿನಕ್ಕೊಂದು ಅಲಂಕಾರ. ಸರಸ್ವತಿಯ ಅಲಂಕಾರದ ಮೂಲಾ ನಕ್ಷತ್ರದಂದು ಸರ್ಕಾರದ ಪರವಾಗಿ ಮುಖ್ಯಮಂತ್ರಿಗಳು ತಲೆಯ ಮೇಲೆ ಪಟ್ಟೆವಸ್ತ್ರ ಹೊತ್ತು ತಂದು ಒಪ್ಪಿಸುವುದು ರೂಢಿ.

2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ, ಅದಕ್ಕೆ ಮೊದಲು ಲೋಕಸಭೆಯಲ್ಲಿ ವಿಜಯವಾಡದ ಸಂಸದ ಲಗಡಪಾಟಿ ರಾಜಗೋಪಾಲ್ ಮೆಣಸಿನ ಸ್ಪ್ರೇ ಹೊಡೆದು ಗದ್ದಲವೆಬ್ಬಿಸಿದ್ದರೂ ವಿಭಜನೆ ನಿಲ್ಲದೆ ಹೋದಾಗ, 1953ರ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಸೆಪ್ಟೆಂಬರ್ 4ರಂದು ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ರಾಜಧಾನಿ ವಿಜಯವಾಡದ ಸುತ್ತಲೇ ಎಂದು ವಿಧಾನಸಭೆಯಲ್ಲಿ ಘೋಷಿಸಿದರು. ರೈತರು ಜಮೀನು ಬಿಟ್ಟುಕೊಟ್ಟು ಅಭಿವೃದ್ಧಿಯಾದ ನಿವೇಶನ ಪಡೆಯುವ ಭೂ ಸಮೀಕರಣವೆಂಬ ಪದ್ಧತಿಯಲ್ಲಿ ನದಿಯ ಆಚೆ ದಂಡೆಯ ಹಳ್ಳಿಗಳಿಂದ 33 ಸಾವಿರ ಎಕರೆಯಷ್ಟು ಜಮೀನು ಕೂಡಿತು. ಅಮರಾವತಿಗೆ ಶಂಕುಸ್ಥಾಪನೆಯಾದದ್ದು 2015ರ ಅಕ್ಟೋಬರ್ 22, ವಿಜಯದಶಮಿಯಂದು. ದಿನದ ಆಯ್ಕೆ ಆಕಸ್ಮಿಕವಲ್ಲ.

ಅಲ್ಲಿಂದ ಮುಂದೆ ಬೆಟ್ಟದ ಪ್ರತಿ ಸಣ್ಣ ಘಟನೆಯೂ ರಾಜ್ಯದ ಸುದ್ದಿಯಾಯಿತು. 2016ರ ಆಗಸ್ಟಿನ ಕೃಷ್ಣಾ ಪುಷ್ಕರಕ್ಕಾಗಿ, ಅಂದರೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ನದೀಸ್ನಾನದ ಪರ್ವಕ್ಕಾಗಿ, ರಸ್ತೆ ಅಗಲ ಮಾಡಲು ಹಲವು ಗುಡಿಗಳನ್ನು ಕೆಡವಿದಾಗ ತೆಲುಗು ದೇಶಂ ಸರ್ಕಾರದ ಪಾಲುದಾರರಾಗಿದ್ದ ಬಿಜೆಪಿಯವರೇ ಬೀದಿಗಿಳಿದರು. ದೇವಾದಾಯ ಖಾತೆ ಆಗ ಅವರ ಪಕ್ಷದ ಮಂತ್ರಿಯ ಕೈಯಲ್ಲೇ ಇತ್ತೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. 2019ರಲ್ಲಿ ಬಂದ ಜಗನ್‌ಮೋಹನ ರೆಡ್ಡಿ ಸರ್ಕಾರ ಆಡಳಿತಕ್ಕೆ ವಿಶಾಖಪಟ್ಟಣ, ಶಾಸಕಾಂಗಕ್ಕೆ ಅಮರಾವತಿ, ನ್ಯಾಯಾಂಗಕ್ಕೆ ಕರ್ನೂಲು ಎಂಬ ಮೂರು ರಾಜಧಾನಿಗಳ ಯೋಜನೆ ಮುಂದಿಟ್ಟಿತು. ವಿಜಯವಾಡ ಮುನಿದಿದ್ದ ಆ ಕಾಲದಲ್ಲೇ, 2020ರ ಸೆಪ್ಟೆಂಬರಿನಲ್ಲಿ, ಅಮ್ಮನವರ ರಥದ ನಾಲ್ಕು ಬೆಳ್ಳಿಯ ಸಿಂಹಗಳಲ್ಲಿ ಮೂರು ಕಾಣೆಯಾಗಿರುವುದು ಬಯಲಾಯಿತು. ಮರುತಿಂಗಳು 21ರಂದು, ಮೂಲಾ ನಕ್ಷತ್ರದ ದಿನವೇ, ಮುಖ್ಯಮಂತ್ರಿ ಪಟ್ಟೆವಸ್ತ್ರ ತರುವುದಕ್ಕೆ ಕೆಲ ಹೊತ್ತಿನ ಮೊದಲು ಬೆಟ್ಟದ ಬಂಡೆಗಳು ಕುಸಿದವು. ಅವರು ಬಂದು, ನೋಡಿ, ದೇವಸ್ಥಾನಕ್ಕೆ 70 ಕೋಟಿ ರೂಪಾಯಿ ಪ್ರಕಟಿಸಿದರು. 2021ರ ಜನವರಿ 8ರಂದು, ಹಿಂದಿನ ಸರ್ಕಾರ ಕೆಡವಿದ್ದ ಗುಡಿಗಳಲ್ಲಿ ಒಂಬತ್ತನ್ನು ಮತ್ತೆ ಕಟ್ಟಲು ಅವರೇ ಅಡಿಗಲ್ಲು ಹಾಕಿದರು. ಬಹುಕಾಲ ಊರಿನ ರಾಜಕಾರಣಕ್ಕೆ ಹಿನ್ನೆಲೆಯಷ್ಟೇ ಆಗಿದ್ದ ಬೆಟ್ಟ ಈಗ ಅದರ ಸಾಮಗ್ರಿಯಾಗಿತ್ತು, ಅದಕ್ಕೆ ಯಾವ ಒಂದು ಪಕ್ಷವನ್ನೂ ದೂರುವಂತಿರಲಿಲ್ಲ.

ಮೂರು ರಾಜಧಾನಿಗಳ ಕಾಯಿದೆಯನ್ನು 2021ರ ನವೆಂಬರಿನಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. 2024ರ ಚುನಾವಣೆಯಲ್ಲಿ ತೆಲುಗು ದೇಶಂ ಮೈತ್ರಿಕೂಟ 175ರಲ್ಲಿ 164 ಸ್ಥಾನ ಗೆದ್ದಿತು. ವಿಜಯವಾಡ ಲೋಕಸಭೆಯಲ್ಲಿ ಕೇಶಿನೇನಿ ಮನೆತನದ ತಮ್ಮ ಅಣ್ಣನನ್ನು ಸೋಲಿಸಿದರು. ಅಮರಾವತಿಯ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ, ಸೆಪ್ಟೆಂಬರ್ ಮೊದಲ ವಾರ, ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯುಸೆಕ್ಸ್‌ಗೂ ಮೀರಿದ, ಅಲ್ಲಿಯವರೆಗೆ ಕಾಣದ ಪ್ರವಾಹ ಹರಿಯಿತು. ಆದರೂ ನಗರವನ್ನು ಮುಳುಗಿಸಿದ್ದು ಕೃಷ್ಣೆಯಲ್ಲ. ಊರಿನ ಪಕ್ಕದಲ್ಲಿ ಹರಿದು ಕೊಲ್ಲೇರು ಸರೋವರ ಸೇರುವ, ದಶಕಗಳಿಂದ ದಂಡೆ ಒತ್ತುವರಿಯಾಗಿ ಬಡವರ ಬಡಾವಣೆಗಳು ಎದ್ದಿದ್ದ ಬುಡಮೇರು ಎಂಬ ಹಳ್ಳ. ರಾಜಧಾನಿ, ರಥ, ಪಟ್ಟೆವಸ್ತ್ರಗಳ ಬಗ್ಗೆ ವಾದಿಸಿದ ಎರಡೂ ಸರ್ಕಾರಗಳು ಆ ಹಳ್ಳವನ್ನು ಅದರ ಪಾಡಿಗೆ ಬಿಟ್ಟಿದ್ದವು. ಅದರ ದಂಡೆ ಮೂರು ಕಡೆ ಒಡೆಯಿತು, ಅಜಿತ್‌ಸಿಂಗ್ ನಗರದ ಸುತ್ತಲಿನ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು, ಕೊನೆಯ ಬಿರುಕನ್ನು ಮುಚ್ಚಲು ಸೇನೆಯನ್ನು ಕರೆಸಬೇಕಾಯಿತು.